ಮಂಗಳದಿಂದ ಮರಳುವ ದಾರಿ ಯಾವುದು? ನಾಸಾ ಮತ್ತು ಇಸ್ರೋ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಾಸಾ ಮುಖ್ಯಸ್ಥರು, ವಾಷಿಂಗ್ಟನ್
ಇಸ್ರೋ ಅಧ್ಯಕ್ಷರು, ಅಂತರಿಕ್ಷ ಭವನ, ಬೆಂಗಳೂರು

ಮಾನ್ಯರೇ,

ನಾನು ಹಾಸನದವನು. 31 ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ರಾಕೆಟ್ ಕಟ್ಟಿದವನಲ್ಲ, ಕಟ್ಟುವವರ ಪಕ್ಕ ನಿಂತವನೂ ಅಲ್ಲ. ನಮ್ಮೂರಿನ ಇಸ್ರೋ ಕೇಂದ್ರದ ಬಿಳಿ ಆಂಟೆನಾಗಳನ್ನು ದೂರದಿಂದ ನೋಡಿದ್ದೇನೆ, ಅಷ್ಟೇ. ಆದರೆ ಕೆಪ್ಲರನ ನಿಯಮಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾಸಾಕ್ಕೆ ಕನ್ನಡದಲ್ಲಿ ಯಾಕೆ ಪತ್ರ ಅಂತ ನನ್ನ ಮಗನೇ ನಕ್ಕ. ಪ್ರಶ್ನೆ ಹುಟ್ಟಿದ್ದು ಕನ್ನಡದಲ್ಲಿ, ಅದಕ್ಕೆ. ಈಚೆಗೆ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ವಿಜ್ಞಾನ ದಿನದ ಉಪನ್ಯಾಸ ಇತ್ತು. ಬಂದಿದ್ದ ಭಾಷಣಕಾರರು ಚೆನ್ನಾಗಿಯೇ ಮಾತಾಡಿದರು. ಮನುಷ್ಯರು ಮಂಗಳಕ್ಕೆ ಹೋಗುವ ಎರಡು ಬಗೆಯ ಯಾನಗಳನ್ನು ಪರದೆ ಮೇಲೆ ತೋರಿಸಿದರು. ಒಂದರ ಕೆಳಗೆ ‘ದೀರ್ಘ ಯಾನ’ ಅಂತ ಕೆಂಪು ಬಣ್ಣದಲ್ಲಿ ಬರೆದಿತ್ತು. ಇನ್ನೊಂದರ ಕೆಳಗೆ ‘ಕಿರು ಯಾನ’ ಅಂತ ಹಸಿರು ಬಣ್ಣದಲ್ಲಿ. ಕಿರು ಯಾನದಲ್ಲಿ ಮಂಗಳದ ನೆಲದ ಮೇಲೆ 30 ದಿನ ಇದ್ದು ಹೊರಟುಬಿಡುತ್ತಾರೆ, ಹಾಗಾಗಿ ಇದು ಸುರಕ್ಷಿತ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸರ್, ವಾಪಸ್ ಬರೋ ಎಂಜಿನ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅವರು ಎಲ್ಲಿಗೆ ಹೋಗ್ತಾರೆ?’ ಸಭೆ ನಕ್ಕಿತು. ಭಾಷಣಕಾರರೂ ನಕ್ಕರು. ‘ಅದನ್ನೆಲ್ಲ ಎಂಜಿನಿಯರುಗಳು ನೋಡ್ಕೋತಾರೆ, ನೀನು ಚೆನ್ನಾಗಿ ಓದು’ ಅಂದರು. ಹುಡುಗಿ ಕೂತಳು.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ದಾರಿ ಆರಿಸುವುದು ಅಂದರೆ ಅದೇ ಪ್ರಶ್ನೆಗೆ ಉತ್ತರ ಹುಡುಕುವುದು. ಉಳಿದದ್ದೆಲ್ಲ ಆಮೇಲೆ.

ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಮಗಿಬ್ಬರಿಗೂ ಗೊತ್ತಿರುವ ವಿಷಯ, ಬೇಸರಿಸಬೇಡಿ. ಭೂಮಿ ಸೂರ್ಯನ ಸುತ್ತ ದಿನಕ್ಕೆ ಸುಮಾರು ಒಂದು ಡಿಗ್ರಿ ಸಾಗುತ್ತದೆ. ಮಂಗಳ ಸುಮಾರು ಅರ್ಧ ಡಿಗ್ರಿ. ಇಬ್ಬರೂ ಓಡುತ್ತಲೇ ಇರುವುದರಿಂದ ಹೊರಡಲು ಒಳ್ಳೆಯ ಹೊತ್ತು ಬರುವುದು 780 ದಿನಕ್ಕೊಮ್ಮೆ, ಅಂದರೆ 26 ತಿಂಗಳಿಗೆ ಒಂದು ಸಲ. ಜರ್ಮನಿಯ ಎಸೆನ್ ಊರಿನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದ ವಾಲ್ಟರ್ ಹೋಮನ್ ಅತಿ ಕಡಿಮೆ ಇಂಧನದ ದಾರಿ ಯಾವುದು ಅಂತ 1925ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ. ಆಗಿನ್ನೂ ದ್ರವ ಇಂಧನದ ಒಂದು ರಾಕೆಟ್ಟೂ ಹಾರಿರಲಿಲ್ಲ! ಭೂಮಿಯ ಕಕ್ಷೆಯನ್ನೂ ಮಂಗಳದ ಕಕ್ಷೆಯನ್ನೂ ಮೆಲ್ಲಗೆ ತಾಕುವ ಅರ್ಧ ಅಂಡಾಕಾರ. ಆ ದಾರಿಯಲ್ಲಿ 259 ದಿನ ಬೇಕು. ನಮ್ಮ ಮಕ್ಕಳು ದಾರ, ಎರಡು ಗುಂಡುಪಿನ್ನು ಇಟ್ಟುಕೊಂಡು ಇದನ್ನು ಕಾಗದದ ಮೇಲೆ ಬಿಡಿಸುತ್ತಾರೆ.

ಈಗ ತೊಡಕು ಬರುವುದು ವಾಪಸ್ ಬರುವಾಗ. ನೌಕೆ ಮಂಗಳ ಮುಟ್ಟುವಷ್ಟರಲ್ಲಿ ಭೂಮಿ ಮುಂದೆ ಓಡಿಹೋಗಿರುತ್ತದೆ, ಮಂಗಳಕ್ಕಿಂತ 75 ಡಿಗ್ರಿ ಮುಂದೆ. ಅದೇ ತರಹದ ಮಿತವ್ಯಯದ ದಾರಿಯಲ್ಲಿ ಮರಳಬೇಕಾದರೆ ಭೂಮಿ 75 ಡಿಗ್ರಿ ಹಿಂದೆ ಇರಬೇಕು. ಅದು ಇನ್ನೊಂದು ಸುತ್ತು ಹಾಕಿ ಹಿಂದಿನಿಂದ ಬರುವ ತನಕ ಕಾಯಬೇಕು. ಸುಮಾರು 455 ದಿನ. ಹಳ್ಳಿಯಲ್ಲಿ ಸಂಜೆಯ ಕೊನೆ ಬಸ್ಸು ತಪ್ಪಿದರೆ ಬೆಳಗಿನ ಬಸ್ಸಿನ ತನಕ ನೆಂಟರ ಮನೆಯಲ್ಲೇ ಉಳಿಯುವ ಹಾಗೆ. ಹೋಗಲು ಎಂಟೂವರೆ ತಿಂಗಳು, ಅಲ್ಲಿ ಹದಿನೈದು ತಿಂಗಳು, ಬರಲು ಎಂಟೂವರೆ ತಿಂಗಳು. ಸ್ವಲ್ಪ ಜಾಸ್ತಿ ಇಂಧನ ಸುಟ್ಟರೆ ಒಂದೊಂದು ಪಯಣ ಆರು ತಿಂಗಳಿಗೆ ಇಳಿಯುತ್ತದೆ, ಅಲ್ಲಿ ಉಳಿಯುವ ದಿನ 500 ದಾಟುತ್ತದೆ. ಇದು ‘ದೀರ್ಘ ಯಾನ’. ಇಡೀ ಪ್ರವಾಸ 900ರಿಂದ 1,000 ದಿನ.

‘ಕಿರು ಯಾನ’ದವರು ಕಾಯುವುದಿಲ್ಲ. ಭೂಮಿ ತಪ್ಪು ಜಾಗದಲ್ಲಿದ್ದಾಗಲೇ ಹೊರಟುಬಿಡುತ್ತಾರೆ. ಮುಂದೆ ಓಡಿದವನನ್ನು ಹಿಡಿಯಬೇಕಾದರೆ ಒಳಸುತ್ತಿನಲ್ಲಿ ಓಡಬೇಕು ಅಲ್ವಾ? ಹಾಗಾಗಿ ನೌಕೆ ಸೂರ್ಯನ ಕಡೆ ಬಾಗಿ, ಶುಕ್ರನ ಕಕ್ಷೆಯ ಹತ್ತಿರ, ಕೆಲವು ಸಲ ಅದಕ್ಕಿಂತ ಒಳಗೆ ಹೋಗಿ ಸುತ್ತಿಕೊಂಡು ಬರಬೇಕು. ಶುಕ್ರ ಸರಿಯಾದ ಜಾಗದಲ್ಲಿ ಸಿಕ್ಕರೆ ಅದರ ಗುರುತ್ವ ಬಳಸಿ ಒಂದು ತಿರುವು ಪುಕ್ಕಟೆಯಾಗಿ ಪಡೆಯಬಹುದು. ಇದು ಹಳೆಯ ಉಪಾಯ. 1969ರ ಆಗಸ್ಟ್‌ನಲ್ಲಿ, ಚಂದ್ರನ ಮೇಲೆ ಇಳಿದು ಎರಡೇ ವಾರಕ್ಕೆ, ನಾಸಾದ ರಾಕೆಟ್ ತಜ್ಞ ವೆರ್ನರ್ ಫಾನ್ ಬ್ರೌನ್ ಅಮೆರಿಕ ಸರ್ಕಾರದ ಮುಂದಿಟ್ಟ ಯೋಜನೆ ಇದೇ ದಾರಿಯದು. 1981ರ ನವೆಂಬರ್ 12ರಂದು ಆರಾರು ಜನರ ಎರಡು ನೌಕೆ ಹೊರಡುವುದು, ಮಂಗಳದಲ್ಲಿ 80 ದಿನ ಇರುವುದು, ಬರುವಾಗ ಶುಕ್ರನ ಪಕ್ಕ ಹಾಯುವುದು, 1983ರ ಆಗಸ್ಟ್‌ನಲ್ಲಿ ಮನೆ ಸೇರುವುದು. ಆದರೆ ಆ ದಾರಿಗೆ ಪರಮಾಣು ಎಂಜಿನ್ ಬೇಕಿತ್ತು. ನೆವಾಡಾ ಮರಳುಗಾಡಿನಲ್ಲಿ ನೆಲದ ಮೇಲೆ ಪರೀಕ್ಷೆ ಮಾಡಿ ಗೆದ್ದಿದ್ದ ಆ ಎಂಜಿನ್ ಕಾರ್ಯಕ್ರಮವನ್ನೇ 1973ರಲ್ಲಿ ನಿಲ್ಲಿಸಲಾಯಿತು.

ನಾಸಾ ಮುಖ್ಯಸ್ಥರೇ, 2009ರಲ್ಲಿ ತಮ್ಮ ಸಂಸ್ಥೆಯೇ ದೊಡ್ಡದೊಂದು ಅಧ್ಯಯನ ಮಾಡಿ ಆರು ಜನರ ದೀರ್ಘ ಯಾನವೇ ವಾಸಿ ಅಂದಿತ್ತು. 2022ರ ಮೇ ತಿಂಗಳಲ್ಲಿ ಚರ್ಚೆಗೆ ಬಂದ ಮೊದಲ ಯಾನದ ಚಿತ್ರವೇ ಬೇರೆ. ನಾಲ್ಕು ಜನ ಹೋಗುತ್ತಾರೆ. ಇಬ್ಬರು ಇಳಿದು 30 ದಿನ ಇರುತ್ತಾರೆ. ಇಬ್ಬರು ಮೇಲೆ ಕಕ್ಷೆಯಲ್ಲೇ ಸುತ್ತುತ್ತಾರೆ. ಹೋಗಿ ಬರಲು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು. ಇದೇ ಅಂತಿಮ ಅಂತ ತಾವು ಹೇಳಿಲ್ಲ, ಎರಡೂ ದಾರಿ ಇನ್ನೂ ತೆರೆದೇ ಇವೆ ಅಂತ ಗೊತ್ತು. ಅಂತಿಮ ಆಗುವ ಮೊದಲು ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ನನ್ನ ಮುಖ್ಯ ತಕರಾರು ಆ ಹೆಸರಿನ ಬಗ್ಗೆ. ‘ಕಿರು’ ಅನ್ನುವ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಕಿರಿದಾಗುವುದು ಮಂಗಳದ ಮೇಲಿನ ದಿನಗಳು ಮಾತ್ರ. ನೌಕೆಯ ಒಳಗಿನ ದಿನಗಳು ಹಿಗ್ಗುತ್ತವೆ. ದೀರ್ಘ ಯಾನದಲ್ಲಿ ಆಳ ಬಾಹ್ಯಾಕಾಶದಲ್ಲಿ ಕಳೆಯುವುದು ಆರಾರು ತಿಂಗಳು, ಒಟ್ಟು 360 ದಿನ. ಎರಡು ವರ್ಷದ ಕಿರು ಯಾನದಲ್ಲಿ 30 ದಿನ ಕಳೆದರೆ ಉಳಿಯುವುದು 700. ಯಾವುದು ಉದ್ದ, ಯಾವುದು ಗಿಡ್ಡ?

ಈ ದಿನಗಳಿಗೆ ಬೆಲೆ ಕಟ್ಟಿದವರೂ ತಾವೇ. 2011ರ ಕೊನೆಯಲ್ಲಿ ಮಂಗಳಕ್ಕೆ ಹೊರಟ ಕ್ಯೂರಿಯಾಸಿಟಿ ರೋವರ್, ಅಂದರೆ ಅಲ್ಲಿನ ನೆಲದ ಮೇಲೆ ಓಡಾಡುವ ಯಂತ್ರ, ದಾರಿಯುದ್ದಕ್ಕೂ ವಿಕಿರಣ ಅಳೆಯಿತು. ದಿನಕ್ಕೆ ಸುಮಾರು 1.84 ಮಿಲಿಸೀವರ್ಟ್ ಬಂತು (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ ಇದು). ಇಳಿದ ಮೇಲೆ ನೆಲದ ಮೇಲೆ ಅಳೆದಾಗ 0.64. ಮೂರನೇ ಒಂದು ಭಾಗ. ಕಾಲ ಕೆಳಗಿನ ಗ್ರಹ ಅರ್ಧ ಆಕಾಶವನ್ನೇ ಮುಚ್ಚುತ್ತದೆ, ಮೇಲಿನ ತೆಳು ಗಾಳಿ ಅಷ್ಟಿಷ್ಟು ತಡೆಯುತ್ತದೆ. ನಮ್ಮ ಮಕ್ಕಳ ಕೈಲಿ ಗುಣಾಕಾರ ಮಾಡಿಸಿದೆ. ದೀರ್ಘ ಯಾನ: 360 ದಿನಕ್ಕೆ 662, ಮಂಗಳದ 500 ದಿನಕ್ಕೆ 320, ಒಟ್ಟು 982. ಕಿರು ಯಾನ: 700 ದಿನಕ್ಕೆ 1,288, ನೆಲದ 30 ದಿನಕ್ಕೆ 19, ಒಟ್ಟು 1,307. ಒಬ್ಬ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ ತಾವು ಹಾಕಿರುವ ಮಿತಿ 600. ಎರಡೂ ದಾರಿ ಮಿತಿ ದಾಟುತ್ತವೆ, ಒಪ್ಪುತ್ತೇನೆ. ನೌಕೆಯ ಗೋಡೆ ದಪ್ಪವಿದ್ದರೆ, ಸೂರ್ಯನ ಚಟುವಟಿಕೆ ಜೋರಾಗಿದ್ದು ದೂರದ ಕಾಸ್ಮಿಕ್ ಕಿರಣ ಕಡಿಮೆಯಾದರೆ ಅಂಕಿಗಳು ಬದಲಾಗುತ್ತವೆ, ಅದೂ ಸರಿ. ಆದರೆ ಹಸಿರು ಬಣ್ಣದಲ್ಲಿ ಬರೆದದ್ದು ಯಾವುದನ್ನು?

ಸೂರ್ಯನ ಕಡೆ ಬಾಗುವ ಮಾತು ಬಂತಲ್ಲ. ಶುಕ್ರನ ದೂರದಲ್ಲಿ ಬಿಸಿಲು ಭೂಮಿಯ ಹತ್ತಿರಕ್ಕಿಂತ ಸುಮಾರು ಎರಡು ಪಟ್ಟು. ನೌಕೆಯನ್ನು ತಂಪಾಗಿಡುವುದು ಒಂದು ಕಷ್ಟ. ಸೌರ ಬಿರುಗಾಳಿ ಎದ್ದರೆ ಇನ್ನೊಂದು. 1972ರ ಆಗಸ್ಟ್‌ನಲ್ಲಿ ಎದ್ದ ದೊಡ್ಡ ಬಿರುಗಾಳಿ ಏಪ್ರಿಲ್‌ನ ಅಪೊಲೊ 16ಕ್ಕೂ ಡಿಸೆಂಬರಿನ ಅಪೊಲೊ 17ಕ್ಕೂ ನಡುವೆ ಬಂತು. ಆಗ ಚಂದ್ರನ ದಾರಿಯಲ್ಲಿ ಯಾರೂ ಇರಲಿಲ್ಲ. ಅದು ಯೋಜನೆಯಲ್ಲ, ಅದೃಷ್ಟ. ಕಿರು ದಾರಿಯವರು ಅಂಥ ಒಲೆಯ ಪಕ್ಕಕ್ಕೆ ತಾವಾಗಿಯೇ ಹೋಗುತ್ತಾರೆ.

ದೇಹದ ಲೆಕ್ಕವನ್ನೂ ನೋಡಿ. ತೂಕವಿಲ್ಲದ ಸ್ಥಿತಿಯಲ್ಲಿ ಒಂದೇ ಉಸಿರಿಗೆ ಅತಿ ಹೆಚ್ಚು ದಿನ ಇದ್ದವರು ರಷ್ಯಾದ ವೈದ್ಯ ವಲೆರಿ ಪೊಲ್ಯಕೋವ್, 437 ದಿನ, 1994ರಿಂದ 1995ರವರೆಗೆ. ಅದು ಇವತ್ತಿಗೂ ದಾಖಲೆ. ಅಮೆರಿಕದವರಲ್ಲಿ ಫ್ರಾಂಕ್ ರೂಬಿಯೊ ಅವರ 371. ಕಿರು ಯಾನದಲ್ಲಿ ಕೆಳಗೆ ಇಳಿಯದೆ ಕಕ್ಷೆಯಲ್ಲೇ ಉಳಿಯುವ ಆ ಇಬ್ಬರು ಇಡೀ ಎರಡು ವರ್ಷ, 730 ದಿನ, ತೇಲುತ್ತಲೇ ಇರುತ್ತಾರೆ. ಅವರಿಗೆ ಮಂಗಳ ಕಿಟಕಿಯ ಆಚೆಗೆ ಮಾತ್ರ. ಇಳಿಯುವ ಇಬ್ಬರ ಕಥೆಯೂ ಅಷ್ಟು ಸುಲಭವಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳಿದ್ದು ಬಂದವರನ್ನೇ ಕ್ಯಾಪ್ಸೂಲಿನಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುವುದನ್ನು ಟಿವಿಯಲ್ಲಿ ನೋಡಿದ್ದೇವೆ. ಮಂಗಳದಲ್ಲಿ ಎತ್ತುವವರು ಯಾರು? ಗುರುತ್ವ ನಮ್ಮದರ 38 ಶೇಕಡಾ ಮಾತ್ರ ಅನ್ನುವುದು ಸಮಾಧಾನ. ಆದರೂ ಸಿಕ್ಕ 30 ದಿನದಲ್ಲಿ ಮೊದಲ ಕೆಲವು ದಿನ ಕಾಲ ಮೇಲೆ ನಿಲ್ಲಲು ಹೋಗುತ್ತದೆ, ಕೊನೆಯ ಕೆಲವು ದಿನ ಹೊರಡುವ ತಯಾರಿಗೆ. ಎರಡು ವರ್ಷ ಪಣಕ್ಕಿಟ್ಟು ಕೈಗೆ ಸಿಗುವುದು ಎರಡು ಮೂರು ವಾರದ ಕೆಲಸ. ಮದುವೆಗೆಂದು ಮುಂಬೈಗೆ ಹೋಗಿ ಊಟ ಮಾಡಿ ಅದೇ ರೈಲಿಗೆ ವಾಪಸ್ ಬಂದ ಹಾಗೆ!

ಇಂಧನದ ವಿಷಯ ಬೇಗ ಮುಗಿಸುತ್ತೇನೆ. ಇಂಧನ ಹೊರಲು ಇಂಧನ ಬೇಕು, ಅದೇ ರಾಕೆಟ್ಟಿನ ಕರ್ಮ. ಭೂಮಿಯ ಕೆಳ ಕಕ್ಷೆಯಿಂದ ಮಂಗಳದ ದಾರಿ ಹಿಡಿಯಲು ಸೆಕೆಂಡಿಗೆ ಸುಮಾರು 3.6 ಕಿ.ಮೀ. ವೇಗ ಸೇರಿಸಬೇಕು. ಜಲಜನಕ ಆಮ್ಲಜನಕದ ಒಳ್ಳೆಯ ಎಂಜಿನ್ ಇದ್ದರೆ ಒಂದು ಟನ್ ಸಾಮಾನಿಗೆ 1.3 ಟನ್ ಇಂಧನ. ಬೇಕಾದ ವೇಗ ದುಪ್ಪಟ್ಟಾದರೆ ಇಂಧನ 2.6 ಟನ್ ಅಲ್ಲ, ನಾಲ್ಕು ಟನ್ ದಾಟುತ್ತದೆ. ಕಿರು ದಾರಿಗೆ ಒಟ್ಟಾರೆ ಬೇಕಾಗುವ ವೇಗ ಹೆಚ್ಚು, ಮತ್ತು ಅದು ಒಂದು ಅವಕಾಶದಿಂದ ಇನ್ನೊಂದಕ್ಕೆ ಬಹಳ ಏರಿಳಿಯುತ್ತದೆ. ಅದಕ್ಕೇ ಮತ್ತೆ ಪರಮಾಣು ಎಂಜಿನ್ನಿನ ಮಾತು. 2023ರಲ್ಲಿ ಸದ್ದು ಮಾಡಿದ, ಅಂಥ ಎಂಜಿನ್ ಹಾರಿಸಿ ನೋಡುವ ಅಮೆರಿಕದ ಡ್ರೇಕೋ ಯೋಜನೆ 2025ರಲ್ಲಿ ನಿಂತುಹೋಯಿತು. ಇಲ್ಲದ ಎಂಜಿನ್ನಿನ ಭರವಸೆ ಮೇಲೆ ದಾರಿ ಆರಿಸುವುದು ನಮ್ಮ ಕಡೆ ಹೇಳುವ ಹಾಗೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಎಂಜಿನ್ ಸ್ಟಾರ್ಟ್ ಆಗದಿದ್ದರೆ?

1970ರ ಏಪ್ರಿಲ್‌ನಲ್ಲಿ ಅಪೊಲೊ 13 ಭೂಮಿಯಿಂದ ಮೂರು ಲಕ್ಷ ಕಿ.ಮೀ.ಗೂ ಆಚೆ ಇದ್ದಾಗ ಆಮ್ಲಜನಕದ ತೊಟ್ಟಿ ಸಿಡಿಯಿತು. ಚಂದ್ರನ ಯಾನಗಳಿಗೆ ‘ಫ್ರೀ ರಿಟರ್ನ್’ ಅನ್ನುವ ದಾರಿ ಇತ್ತು. ಎಂಜಿನ್ ಕೆಟ್ಟರೂ ಚಂದ್ರನ ಗುರುತ್ವವೇ ನೌಕೆಯನ್ನು ತಿರುಗಿಸಿ ಮನೆಗೆ ಕಳಿಸುವ ದಾರಿ. ಆದರೆ ಇಳಿಯುವ ಜಾಗ ಅನುಕೂಲವಾಗಲಿ ಅಂತ ಅಪೊಲೊ 13 ಆ ದಾರಿಯನ್ನು ಅದಾಗಲೇ ಬಿಟ್ಟಿತ್ತು. ಲವೆಲ್, ಸ್ವಿಗರ್ಟ್, ಹೈಸ್ ಮೂವರೂ ಮಾಡಿದ ಮೊದಲ ದೊಡ್ಡ ಕೆಲಸ ಚಂದ್ರನೌಕೆಯ ಎಂಜಿನನ್ನು ಅರ್ಧ ನಿಮಿಷ ಉರಿಸಿ ಮತ್ತೆ ಆ ದಾರಿಗೆ ಬಂದದ್ದು. ಬಿಟ್ಟಿದ್ದು ಹತ್ತಿರದಲ್ಲೇ ಇತ್ತು, ಹಾಗಾಗಿ ಸಿಕ್ಕಿತು.

ಮಂಗಳಕ್ಕೂ ಅಂಥ ದಾರಿಗಳಿವೆ. ಆರು ತಿಂಗಳಲ್ಲಿ ಮಂಗಳ ಮುಟ್ಟುವ ಹಾಗೆ ಹೊರಟವರು ಅಲ್ಲಿ ಬ್ರೇಕ್ ಹಾಕಲು ಆಗದಿದ್ದರೆ ಸುಮ್ಮನೆ ಹಾದುಹೋಗಿ, ಹೊರಟ ದಿನದಿಂದ ಎರಡು ವರ್ಷಕ್ಕೆ ಭೂಮಿಯ ಬಳಿ ಬರುವ ದಾರಿ ಅದರಲ್ಲೊಂದು. ಎರಡು ವರ್ಷದ ಊಟ ಜೊತೆಗಿರಬೇಕು, ಅಷ್ಟೇ. ಅಷ್ಟೇ ಅಂತ ಬರೆದದ್ದು ಹೊಟ್ಟೆ ತುಂಬಿದವನ ಮಾತು, ಕ್ಷಮಿಸಿ. ಆದರೂ ಅದು ಮನೆಯ ದಾರಿ. ಖಾಸಗಿಯವರು ಈಗ ಮೂರು ನಾಲ್ಕು ತಿಂಗಳಲ್ಲೇ ಮುಟ್ಟಿಸುತ್ತೇವೆ ಅನ್ನುತ್ತಾರೆ. ಅಷ್ಟು ಜೋರಾಗಿ ಹೋದವನಿಗೆ ಬ್ರೇಕ್ ಜಾಸ್ತಿ ಬೇಕು. ಬ್ರೇಕ್ ಬೀಳದಿದ್ದರೆ ಅವನು ಎರಡು ವರ್ಷಕ್ಕೆ ಬರುವವನಲ್ಲ. ಶಿರಾಡಿ ಘಾಟಿ ಇಳಿಯುವ ನಮ್ಮ ಊರಿನ ಲಾರಿ ಚಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜನರಿಲ್ಲದ ನೌಕೆಯಾದರೆ ತಡವಾದರೂ ನಡೆಯುತ್ತದೆ. ಜಪಾನಿನ ನೊಜೊಮಿ ನೌಕೆ 1998ರಲ್ಲಿ ಮಂಗಳಕ್ಕೆ ಹೊರಟಿತು. ಭೂಮಿಯ ಪಕ್ಕ ಹಾಯುವಾಗ ಕವಾಟ ಕೈಕೊಟ್ಟು ಇಂಧನ ಹೆಚ್ಚು ಖರ್ಚಾಯಿತು. ಅಲ್ಲಿನ ಲೆಕ್ಕಿಗರು ಸೋಲಲಿಲ್ಲ. ಹೊಸ ದಾರಿ ಹುಡುಕಿ, 1999ಕ್ಕೆ ಸೇರಬೇಕಿದ್ದ ನೌಕೆಯನ್ನು ನಾಲ್ಕು ವರ್ಷ ಸುತ್ತಿಸಿ ಕಳಿಸಿದರು. ನಡುವೆ 2002ರಲ್ಲಿ ಸೌರ ಬಿರುಗಾಳಿ ಬಡಿಯಿತು. ಕೊನೆಗೆ 2003ರ ಡಿಸೆಂಬರ್‌ನಲ್ಲಿ ಕೈಬಿಡಬೇಕಾಯಿತು. ಯಂತ್ರವಾದ್ದರಿಂದ ಅದು ನಾಲ್ಕು ವರ್ಷ ಕಾಯಿತು. ಅದರೊಳಗೆ ನಾಲ್ಕು ಜನ ಇದ್ದಿದ್ದರೆ?

ನಾನು ಕಣ್ಣಾರೆ ಕಂಡದ್ದು ನಮ್ಮ ಮಂಗಳಯಾನ. ಇಸ್ರೋ ಅಧ್ಯಕ್ಷರೇ, ಇದು ತಮ್ಮ ಪಾಲಿನ ಮಾತು. 2013ರಲ್ಲಿ ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿಗೆ ಆ 1,337 ಕಿಲೋ ನೌಕೆಯನ್ನು ನೇರವಾಗಿ ಮಂಗಳದ ದಾರಿಗೆ ಎಸೆಯುವ ಶಕ್ತಿ ಇರಲಿಲ್ಲ. ಬೆಂಗಳೂರಿನವರು ಅದಕ್ಕೆ ತಕ್ಕ ದಾರಿ ಹುಡುಕಿದರು. ಭೂಮಿಯ ಸುತ್ತಲೇ ಸುತ್ತಿಸಿ, ಪ್ರತಿ ಸಲ ಒಂದಿಷ್ಟು ಎತ್ತರಕ್ಕೆ ತಳ್ಳಿ, ಡಿಸೆಂಬರ್ 1ಕ್ಕೆ ಆಚೆ ದಬ್ಬುವುದು. ತೊಟ್ಟಿಲು ತೂಗಿದ ಹಾಗೆ. ರಾಕೆಟ್ಟಿನ ಜಾಡು ನೋಡಲು ಪೆಸಿಫಿಕ್ ಸಾಗರದ ಫಿಜಿ ಕಡೆ ಹೋಗಬೇಕಿದ್ದ ಹಡಗು ಹವಾಮಾನದಿಂದ ತಡವಾಗಿ ಉಡಾವಣೆ ಅಕ್ಟೋಬರ್ 28ರಿಂದ ನವೆಂಬರ್ 5ಕ್ಕೆ ಹೋಯಿತು. ದಿನಗಳು ಮಿಕ್ಕಿದ್ದವು, ತೊಂದರೆ ಆಗಲಿಲ್ಲ. ನವೆಂಬರ್ 11ರ ನಾಲ್ಕನೇ ತಳ್ಳುವಿಕೆ ಸರಿಯಾಗಿ ಆಗಲಿಲ್ಲ. ಸೆಕೆಂಡಿಗೆ 130 ಮೀಟರ್ ಬೇಕಿದ್ದ ಕಡೆ 35 ಮಾತ್ರ ಸಿಕ್ಕಿತು. ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಮುಗೀತು ಬಿಡಿ’ ಅಂದರು. ಮಾರನೇ ದಿನವೇ ಇನ್ನೊಮ್ಮೆ ತಳ್ಳಿ ಸರಿಮಾಡಿದರು. ನೌಕೆ ಇನ್ನೂ ಭೂಮಿಯ ಅಂಗಳದಲ್ಲೇ ಇತ್ತಲ್ಲ.

2014ರ ಸೆಪ್ಟೆಂಬರ್ 24ರ ಬೆಳಗ್ಗೆ ಏಳಕ್ಕೇ ಮಕ್ಕಳನ್ನು ಕಾಲೇಜಿಗೆ ಕರೆಸಿದ್ದೆ. ಲ್ಯಾಬಿನಲ್ಲಿ ಟಿವಿ ಇಟ್ಟಿದ್ದೆವು. ಸುಮಾರು 300 ದಿನ ಮಲಗಿದ್ದ ಎಂಜಿನ್ 24 ನಿಮಿಷ ಉರಿಯಬೇಕಿತ್ತು. ಎರಡು ದಿನ ಮೊದಲು ಅದನ್ನು ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಿದ್ದರು. ಅದು ಕೈಕೊಟ್ಟರೆ ಎಂಟು ಪುಟ್ಟ ಎಂಜಿನ್‌ಗಳಿಂದ ಕೆಲಸ ಸಾಗಿಸುವ ಉಪಾಯವೂ ತಯಾರಿತ್ತು. ಸುದ್ದಿ ಬರಲು ಹನ್ನೆರಡೂವರೆ ನಿಮಿಷ. ನಾವು ಉಸಿರು ಹಿಡಿದು ಕೂತಾಗ ಅಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಎಂಟು ಗಂಟೆ ಹೊತ್ತಿಗೆ ಪೀಣ್ಯದ ಕೇಂದ್ರದಲ್ಲಿ ಚಪ್ಪಾಳೆ ಬಿತ್ತು. ನಮ್ಮ ಲ್ಯಾಬಿನಲ್ಲೂ ಬಿತ್ತು, ಒಂದು ಬೀಕರೂ ಒಡೆಯಿತು. ಆ ಯಾನದ ಪ್ರತಿ ಮೆಟ್ಟಿಲಲ್ಲೂ ‘ಆಗದಿದ್ದರೆ?’ ಅನ್ನುವುದಕ್ಕೆ ಒಂದು ಉತ್ತರ ಬರೆದಿಟ್ಟಿದ್ದರು. ಒಳಗೆ ಮನುಷ್ಯರಿಲ್ಲದ, 450 ಕೋಟಿಯ ನೌಕೆಗೆ.

ದೀರ್ಘ ಯಾನವೇ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಮಂಗಳದ ಮೇಲೆ 500 ದಿನ ಉಳಿಯಬೇಕಾದರೆ ಮನೆ ಬೇಕು, ವಿದ್ಯುತ್ ಬೇಕು, ಗಾಳಿ ನೀರು ಶುದ್ಧ ಮಾಡುವ ಯಂತ್ರ ಅಷ್ಟೂ ದಿನ ನಿಲ್ಲದೆ ಓಡಬೇಕು. ಇಳಿದ ಹತ್ತನೇ ದಿನ ಯಾರಿಗಾದರೂ ಹುಷಾರಿಲ್ಲದಿದ್ದರೆ ಮನೆಗೆ ಬರುವಂತಿಲ್ಲ, ಬಸ್ಸು ಒಂದೂವರೆ ವರ್ಷಕ್ಕೆ. ಮೊದಲ ಸಲ ಹೋಗುವವರ ಮೇಲೆ ಇಷ್ಟೆಲ್ಲ ಹೊರಿಸುವುದು ಬೇಡ, ಹೋಗಿ ಮುಟ್ಟಿ ಬರಲಿ ಅನ್ನುವ ತಮ್ಮ ಎಂಜಿನಿಯರುಗಳ ವಾದ ದಡ್ಡತನದ್ದಲ್ಲ.

ಆದರೆ ಆ ವಾದದಲ್ಲಿ ಒಂದು ತೂತು ಕಾಣುತ್ತದೆ. 30 ದಿನದವರು 30ನೇ ದಿನ ಹೊರಡಲೇಬೇಕು. 2018ರಲ್ಲಿ ಇಡೀ ಗ್ರಹವನ್ನೇ ಮುಚ್ಚಿದ ಧೂಳಿನ ಬಿರುಗಾಳಿಯಲ್ಲಿ ಆಪರ್ಚುನಿಟಿ ರೋವರ್ ಮಾತು ನಿಲ್ಲಿಸಿತು. ಅಂಥದ್ದೊಂದು ಎದ್ದು, ಏರುವ ನೌಕೆ ಕೆಲವು ವಾರ ತಡವಾದರೆ? ಒಳಸುತ್ತಿನ ದಾರಿ ಮುಚ್ಚಿಹೋಗುತ್ತದೆ. ಆಗ ಅವರೂ ಮುಂದಿನ ಬಸ್ಸಿಗೆ ಕಾಯಬೇಕು. 500 ದಿನದ ಮನೆ ಇಲ್ಲ, ಊಟ ಇಲ್ಲ. ಇದು ಬರೀ ಕಲ್ಪನೆ ಅನ್ನಬೇಡಿ. 2024ರ ಜೂನ್‌ನಲ್ಲಿ 8 ದಿನಕ್ಕೆಂದು ನಿಲ್ದಾಣಕ್ಕೆ ಹೋದ ಸುನಿತಾ ವಿಲಿಯಮ್ಸ್, ಬುಚ್ ವಿಲ್ಮೋರ್ 286 ದಿನ ಅಲ್ಲೇ ಇದ್ದು ಬಂದರು. ಅಲ್ಲಿ ಊಟ ಇತ್ತು, ಕರೆತರಲು ಬೇರೆ ನೌಕೆ ಇತ್ತು. ಹಾಗಾದರೆ ಕಿರು ಯಾನದವರಿಗೂ ದೀರ್ಘ ಯಾನದ ಊಟ ಮೊದಲೇ ಕಳಿಸಿಡಬೇಕು. ಕಳಿಸಿಟ್ಟ ಮೇಲೆ ಕಿರು ಯಾನದಿಂದ ಉಳಿದದ್ದೇನು?

ಇನ್ನು ಇಸವಿಯ ವಿಷಯ. ಯಾವ ವರ್ಷ ಹೋಗಬೇಕು ಅಂತ ವೇದಿಕೆಯ ಮೇಲೆ ಮೊದಲೇ ಘೋಷಿಸಿ, ಆ ವರ್ಷಕ್ಕೆ ಸರಿಹೊಂದುವ ದಾರಿ ಹುಡುಕು ಅಂತ ಎಂಜಿನಿಯರಿಗೆ ಹೇಳುವುದು ತಲೆಕೆಳಗಾದ ಕೆಲಸ. ಮಂಗಳದ ಕಕ್ಷೆ ಸೊಟ್ಟ. 2018ರ ಜುಲೈನಲ್ಲಿ ಅದು ನಮ್ಮಿಂದ 5.76 ಕೋಟಿ ಕಿ.ಮೀ. ದೂರಕ್ಕೆ ಬಂದಿತ್ತು. 2027ರ ಫೆಬ್ರವರಿಯಲ್ಲಿ ಹತ್ತಿರ ಬಂದಾಗಲೂ 10 ಕೋಟಿ ಕಿ.ಮೀ. ದಾಟಿರುತ್ತದೆ. ಒಳ್ಳೆಯ ಸರದಿ ಸುಮಾರು 15 ವರ್ಷಕ್ಕೊಮ್ಮೆ, ಮುಂದಿನದು 2033, 2035ರ ಆಸುಪಾಸು. ಅಮೆರಿಕದ ಅಧ್ಯಕ್ಷರ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಈ ಎರಡು ಕ್ಯಾಲೆಂಡರ್ ಕೂಡಿ ಬರಲೇಬೇಕು ಅಂತ ಆಕಾಶಕ್ಕೇನೂ ಹಟವಿಲ್ಲ.

ನಾಸಾ ಮುಖ್ಯಸ್ಥರೇ, ನನ್ನ ಬೇಡಿಕೆ ದೊಡ್ಡದಲ್ಲ. ಯಾವುದೇ ದಾರಿಯನ್ನು ಜನರ ಮುಂದಿಡುವಾಗ ‘ಕಿರು’, ‘ದೀರ್ಘ’ ಅನ್ನುವ ಹೆಸರು ಬಿಡಿ. ಆಳ ಬಾಹ್ಯಾಕಾಶದಲ್ಲಿ ಎಷ್ಟು ದಿನ, ಸೂರ್ಯನಿಗೆ ಎಷ್ಟು ಹತ್ತಿರ, ನಾಲ್ವರಲ್ಲಿ ಪ್ರತಿಯೊಬ್ಬರಿಗೂ ವಿಕಿರಣ ಎಷ್ಟು, ತೂಕವಿಲ್ಲದೆ ಎಷ್ಟು ದಿನ, ಇದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಅದರ ಜೊತೆಗೆ ಇನ್ನೊಂದು ಹಾಳೆ. ಹೊರಟ ದಿನದಿಂದ ಮರಳುವ ದಿನದ ತನಕ ಎಂಜಿನ್ ಉರಿಯಬೇಕಾದ ಪ್ರತಿ ಕ್ಷಣದ ಎದುರಿಗೆ, ಉರಿಯದಿದ್ದರೆ ನೌಕೆ ಎಲ್ಲಿಗೆ ಹೋಗುತ್ತದೆ, ಭೂಮಿಗೆ ಯಾವಾಗ ಬರುತ್ತದೆ, ಅಲ್ಲಿಯ ತನಕ ಊಟ ಇದೆಯೇ. ‘ಬರುವುದಿಲ್ಲ’ ಅಂತ ಉತ್ತರ ಇದ್ದರೆ ‘ಬರುವುದಿಲ್ಲ’ ಅಂತಲೇ ಬರೆಯಿರಿ. ಹೋಗುವವರು ಅದನ್ನು ಓದಿ ಸಹಿ ಹಾಕಲಿ. ನಾವೂ ಓದಿ ಚಪ್ಪಾಳೆ ಹೊಡೆಯಬೇಕೋ ಬೇಡವೋ ಅಂತ ತೀರ್ಮಾನಿಸುತ್ತೇವೆ.

ನನ್ನ ಅಭಿಪ್ರಾಯ ಕೇಳಿದರೆ, ಕೇಳಿಲ್ಲ ಅಂತ ಗೊತ್ತು, 2009ರ ತಮ್ಮ ತೀರ್ಮಾನಕ್ಕೆ ಮರಳಿ. ಒಂದು ಸರದಿ ಮೊದಲೇ, 26 ತಿಂಗಳ ಮುಂಚೆ, ಮನೆ, ಊಟ, ವಿದ್ಯುತ್, ವಾಪಸ್ ಏರುವ ನೌಕೆ ಎಲ್ಲ ಅಲ್ಲಿಗೆ ಹೋಗಿ ಕೂರಲಿ. ಅದು ಸರಿಯಾಗಿದೆ ಅಂತ ಸುದ್ದಿ ಬಂದ ಮೇಲೆ ಜನ ಹೊರಡಲಿ, ಅದೂ ಹಾದುಹೋದರೂ ಮನೆಗೆ ತರುವ ದಾರಿಯಲ್ಲಿ. ಪರ್ಸಿವಿಯರೆನ್ಸ್ ರೋವರಿನ ಮೇಲಿದ್ದ ಪುಟ್ಟ ಯಂತ್ರ ಮಂಗಳದ ಗಾಳಿಯಿಂದ 16 ಸಲ ಆಮ್ಲಜನಕ ಮಾಡಿ ತೋರಿಸಿತು, ಒಟ್ಟು 122 ಗ್ರಾಂ. ಕಡಿಮೆಯೇ, ಆದರೆ ಆಗುತ್ತದೆ ಅಂತ ಗೊತ್ತಾಯಿತು. ಹೋದ ನಾಲ್ವರೂ ಇಳಿಯಲಿ. ಯಾರನ್ನೂ ಎರಡು ವರ್ಷ ಮೇಲೆ ತೂಗುಹಾಕಬೇಡಿ.

ಇಸ್ರೋ ಅಧ್ಯಕ್ಷರೇ, ಚಂದ್ರ, ಮಂಗಳಗಳ ಅನ್ವೇಷಣೆಗೆ ಅಮೆರಿಕದ ಮುಂದಾಳತ್ವದಲ್ಲಿ ಆಗಿರುವ ಆರ್ಟೆಮಿಸ್ ಒಪ್ಪಂದಕ್ಕೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿದೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋಗಿ ಬಂದರು. ಮುಂದೊಂದು ದಿನ ಮಂಗಳದ ನಾಲ್ಕು ಕುರ್ಚಿಗಳಲ್ಲಿ ಒಂದು ನಮ್ಮವರಿಗೆ ಸಿಗಬಹುದು ಅನ್ನುವ ಮಾತು ಬಂದರೆ, ದಯವಿಟ್ಟು ಕುರ್ಚಿ ಸಿಕ್ಕಿತು ಅಂತ ಮೊದಲು ಫೋಟೋ ತೆಗೆಸಿಕೊಳ್ಳಬೇಡಿ. ಆ ಎರಡನೇ ಹಾಳೆ ಕೇಳಿ. ದಾರಿಯ ಲೆಕ್ಕ ಪರೀಕ್ಷಿಸುವವರು ತಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರ್ ಆಂಟೆನಾ ಮಂಗಳದ ನೌಕೆಯ ಮಾತು ಕೇಳಿಸಿಕೊಂಡ ಅನುಭವವೂ ಇದೆ. ಬೆಂಗಳೂರಿನವರು ಸ್ವತಂತ್ರವಾಗಿ ಲೆಕ್ಕ ಹಾಕಿ, ಒಪ್ಪದಿದ್ದರೆ ಒಪ್ಪುವುದಿಲ್ಲ ಅನ್ನಲಿ. ಅದನ್ನು ಕನ್ನಡದಲ್ಲೂ ಒಂದು ಪುಟ ಬರೆದು ಹಾಕಲಿ.

ಪ್ರಶ್ನೆ ಕೇಳಿದ ಹುಡುಗಿ ಈಗ ಎರಡನೇ ಪಿಯುಸಿ. ಅವಳ ಲೆಕ್ಕದ ಪುಸ್ತಕದಿಂದ ಎರಡು ಹಾಳೆ ಕೇಳಿ ಪಡೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಒಂದರಲ್ಲಿ ದಾರ ಹಿಡಿದು ಬಿಡಿಸಿದ ಅಂಡಾಕಾರ ಇದೆ. ಇನ್ನೊಂದರಲ್ಲಿ 75 ಡಿಗ್ರಿಯ ಲೆಕ್ಕ. ಕೊನೆಯ ಸಾಲಿನಲ್ಲಿ ಅವಳಿಗೆ 455ರ ಬದಲು 454 ಬಂದಿದೆ. ದಶಾಂಶ ಬಿಟ್ಟಿದ್ದರಿಂದ ಹಾಗಾಗಿದೆ, ನಾನು ತಿದ್ದಿಲ್ಲ. ಉತ್ತರ ಬರೆಯುವುದಾದರೆ ಅವಳಿಗೇ ಬರೆಯಿರಿ, ತಲುಪಿಸುವ ಜವಾಬ್ದಾರಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ